ಮುನ್ನೂರ ಹದಿಮೂರನೇ ನಲ್ಲಿ

ಮೊಳಕಾಲ್ಮೂರು ತಾಲ್ಲೂಕಿನ ಕಂಬಳಿಗುಡ್ಡದಲ್ಲಿ ಮುನ್ನೂರ ಹನ್ನೆರಡು ನಲ್ಲಿಗಳಿದ್ದವು. ಯಾವುದರಲ್ಲೂ ನೀರು ಬರುತ್ತಿರಲಿಲ್ಲ. ಇದನ್ನು ದೋಷವೆಂದು ತಿಳಿಯಬಾರದು. ಪಂಚಾಯಿತಿಯ ನಲ್ಲಿ ವಹಿಯಲ್ಲಿ ಮನೆ ನಂಬರು, ಪೈಪಿನ ಅಳತೆ, ಯಜಮಾನರ ಹೆಸರು ಎಂಬ ಮೂರು ಕಾಲಂಗಳಿದ್ದವು. ನೀರಿಗೆ ಕಾಲಂ ಇರಲಿಲ್ಲ. ನೀರು ಟ್ಯಾಂಕರಿನಲ್ಲಿ ದಿನ ಬಿಟ್ಟು ದಿನ ಬರುತ್ತಿತ್ತು. ಟ್ಯಾಂಕರಿನ ವಹಿ ಬೇರೆ.

ಊರಿನಲ್ಲಿ ನಡೆಯುವ ಕಂಪ್ಯೂಟರು ಒಂದೇ. ಅದು ಗಂಗಲಕ್ಷ್ಮಿಯದು. ಪಂಚಾಯಿತಿಯದು ರಿಪೇರಿಗೆ ಹೋಗಿ ನಾಲ್ಕು ವರ್ಷವಾಗಿತ್ತು.

ಆ ಮೇ ತಿಂಗಳಲ್ಲಿ ಊರಿನ ಅಂಗನವಾಡಿ ಕಾರ್ಯಕರ್ತೆ ಹುದ್ದೆಗೆ ಅರ್ಜಿ ಕರೆದರು. ಗಂಗಲಕ್ಷ್ಮಿ ಆ ಕೆಲಸಕ್ಕೆ ಒಂಬತ್ತು ವರ್ಷದಿಂದ ಕಾದಿದ್ದಳು. ಮುಂದಿನ ತಿಂಗಳು ಅವಳ ವಯಸ್ಸು ಮಿತಿ ದಾಟುತ್ತಿತ್ತು. ಕೊನೆಯ ದಿನ ಮೂವತ್ತು, ಸಂಜೆ ಐದು ಗಂಟೆ. ಪ್ರಕಟಣೆಯಲ್ಲಿ ಹೀಗಿತ್ತು: "ಅಭ್ಯರ್ಥಿಯು ಸ್ಥಳೀಯಳೆಂಬುದಕ್ಕೆ ಪುರಾವೆಯಾಗಿ ಅರ್ಜಿಯನ್ನು ಅದೇ ಗ್ರಾಮದ ಗಡಿಯೊಳಗಿನ ಕಂಪ್ಯೂಟರಿನಿಂದಲೇ ಸಲ್ಲಿಸತಕ್ಕದ್ದು. ಮೊಬೈಲ್ ಫೋನು ಗಡಿ ದಾಟುವ ಸ್ವಭಾವದ್ದಾದ್ದರಿಂದ ಪರಿಗಣಿಸಲಾಗದು."

ಅರ್ಜಿ ಹೋಗಲು ಒಂದೂವರೆ ಗಂಟೆ ಬೇಕು. ಕಂಪ್ಯೂಟರು ನಲವತ್ತು ನಿಮಿಷಕ್ಕೆ ಕಾದು ನಿಂತುಹೋಗುತ್ತಿತ್ತು. ಬೆಳಗಿನ ಜಾವ ತಂಪಿರುತ್ತದೆ, ಆಗ ಕರೆಂಟಿರುವುದಿಲ್ಲ. ಅತ್ತೆ ಯರ್ರಮ್ಮ ಒದ್ದೆ ಗೋಣಿಚೀಲ ಹೊದಿಸಿ ನೋಡಿದಳು. ಇಬ್ಬರಿಗೂ ಶಾಕ್ ಹೊಡೆಯಿತು.

ಗಂಗಲಕ್ಷ್ಮಿ ಬಸ್ ಹತ್ತಿ ಚಳ್ಳಕೆರೆಗೆ ಹೋದಳು. ಕಂಪ್ಯೂಟರ್ ರಿಪೇರಿಯ ಹನುಮಂತರಾಜು ಸಮಸ್ಯೆ ಕೇಳಿದ.

"ಅಕ್ಕಾರೆ, ಒಳಗಿನ ಫ್ಯಾನು ನಿಮ್ಮೂರ ಬಿಸಿ ಗಾಳೀನೇ ಊದ್ತೈತೆ. ಪಾಪ, ಅದೇನ್ ಮಾಡ್ತೈತೆ? ವಾಟರ್ ಕೂಲಿಂಗ್ ಹಾಕ್ರಿ. ಹೊಸಬರಿಗೆ ಅಂತಾನೇ ಸಣ್ಣ ಕಿಟ್ ಬಂದೈತೆ."

"ನಮ್ಮೂರಾಗೆ ಕುಡಿಯಾಕೇ ನೀರಿಲ್ಲ ಕಣಣ್ಣ."

"ಒಂದ್ ಲೀಟ್ರು ಸಾಕು, ಬ್ಯಾಟ್ರಿ ನೀರು. ಅದೇ ನೀರು ಸುತ್ತುತಾ ಇರ್ತೈತೆ. ಬೋರ್ ನೀರು ಹಾಕ್ಬ್ಯಾಡ್ರಿ, ಸುಣ್ಣ ಕಟ್ತೈತೆ."

ಪೆಟ್ಟಿಗೆಯಲ್ಲಿ ಒಂದು ಪುಟ್ಟ ಪಂಪು, ನೀರಿನ ಡಬ್ಬಿ, ಎರಡು ಟ್ಯೂಬು, ಫ್ಯಾನಿದ್ದ ರೇಡಿಯೇಟರು ಇದ್ದವು. ವಿವರಣೆ ಚೀನೀ ಭಾಷೆಯಲ್ಲಿತ್ತು. ಚಿತ್ರ ನೋಡಿ ಗಂಗಲಕ್ಷ್ಮಿಯೇ ಕೂರಿಸಿದಳು. ಕೆಳಗೆ ಹಳೆಯ ಪೇಪರು ಹಾಸಿ, ಮೊದಲು ಪಂಪು ಮಾತ್ರ ಒಂದು ದಿನ ಓಡಿಸಿದಳು. ಎರಡು ಹನಿ ಬಿದ್ದವು. ಟ್ಯೂಬಿನ ಕ್ಲಿಪ್ಪು ಬಿಗಿ ಮಾಡಿದಳು. ನಿಂತಿತು. ಮೂರು ಸ್ಕ್ರೂ ಉಳಿದವು. ಯರ್ರಮ್ಮ ಅವನ್ನು ಸೆರಗಿಗೆ ಕಟ್ಟಿಕೊಂಡಳು.

ತೊಂಬತ್ತೈದು ಡಿಗ್ರಿ ಇದ್ದ ಕಂಪ್ಯೂಟರು ಅರವತ್ತಕ್ಕಿಳಿಯಿತು.

"ನಮ್ ನಲ್ಲೀಲಿ ಬರೀ ಗಾಳಿ. ಇದಕ್ಕೆ ಮಾತ್ರ ನೀರಾ? ಏನ್ ಪುಣ್ಯ ಮಾಡಿತ್ತೋ," ಎಂದಳು ಯರ್ರಮ್ಮ.

ಗಂಗಲಕ್ಷ್ಮಿ ಅರ್ಜಿಗೆ ಕೂರುವ ಮೊದಲೇ ಈ ಮಾತು ನೀರುಗಂಟಿ ಕ್ಯಾತಪ್ಪನ ಕಿವಿಗೆ ಬಿತ್ತು. ಕ್ಯಾತಪ್ಪನ ಕೆಲಸದ ಕ್ರಮ ಸರಳ. ಪೈಪು ಕಂಡರೆ ವಹಿ ನೋಡುವುದು. ನಂಬರಿದ್ದರೆ ನೀಲಿ ಬಣ್ಣದಲ್ಲಿ ಅದನ್ನು ಪಕ್ಕದಲ್ಲಿ ಬರೆಯುವುದು, ಇಲ್ಲದಿದ್ದರೆ ಅರಗಿನ ಸೀಲು ಹಾಕುವುದು. ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

"ಎಷ್ಟು ಪೈಪು?" ಎಂದು ಪಡಸಾಲೆಗೇ ಬಂದು ಕೇಳಿದ.

"ಎರಡು ಟ್ಯೂಬು ಮಾವ. ಪಂಚಾಯ್ತಿ ನೀರಲ್ಲ. ಅಂಗಡೀಲಿ ತಂದಿದ್ದು."

"ನೀರು ಯಾವ್ದು ಅಂತ ವಹಿ ಕೇಳಲ್ಲ ತಾಯಿ," ಎಂದು ಕ್ಯಾತಪ್ಪ ಕಂಪ್ಯೂಟರಿನ ಸ್ವಿಚ್ಚಿಗೆ ಸೀಲು ಹಾಕಿ ಹೋದ. ಮರುದಿನ ನೋಟಿಸು ಬಂತು:

"ಮನೆ ನಂ. 118ರ ಪಡಸಾಲೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಕ್ಕೆ ಎರಡು ಪೈಪಿನ ಅನಧಿಕೃತ ಸಂಪರ್ಕವಿರುವುದು ಕಂಡುಬಂದಿದೆ. ಅದರಲ್ಲಿ ನೀರು ಹರಿಯುತ್ತಿರುವುದು ಗ್ರಾಮದ ಉಳಿದ ನಲ್ಲಿಗಳ ಶಿಸ್ತಿಗೆ ಧಕ್ಕೆ ತಂದಿರುತ್ತದೆ. ಸಕ್ರಮಕ್ಕಾಗಿ ಕಂಪ್ಯೂಟರ್ ಮೂಲಕವೇ ಅರ್ಜಿ ಸಲ್ಲಿಸತಕ್ಕದ್ದು."

"ಯಾವ ಕಂಪ್ಯೂಟ್ರು ಮಾವ?"

"ನಿಂದೇ."

"ಅದಕ್ಕೇ ಸೀಲು ಹಾಕಿದ್ದೀಯಲ್ಲ!"

"ಸಕ್ರಮ ಆಗ್ಲಿ. ಅವತ್ತೇ ತೆಗೀತೀನಿ."

ಅಂದು ಇಪ್ಪತ್ತೆಂಟು. ಗಂಗಲಕ್ಷ್ಮಿ ನೋಟಿಸು ಹಿಡಿದು ಪಂಚಾಯಿತಿ ಅಧಿಕಾರಿ ಗೋವರ್ಧನನ ಬಳಿಗೆ ಹೋದಳು. ಗೋವರ್ಧನ ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಮೂವತ್ತನೇ ತಾರೀಕು ನಲ್ಲಿಗಳ ತಪಾಸಣೆಯಿತ್ತು. ಪ್ರತಿ ಮನೆಗೂ ಒಂದು ನಲ್ಲಿ ಇರಬೇಕು. ವಹಿಯಲ್ಲಿ ಮನೆಗಳು ಮುನ್ನೂರ ಹದಿಮೂರು, ನಲ್ಲಿ ಒಂದು ಕಡಿಮೆ. ಕೊನೆಯದು ಬಿದ್ದುಹೋಗಿ, ಅದರವರು ಚಳ್ಳಕೆರೆ ಸೇರಿದ್ದರು. ಮನೆ ಬಿದ್ದರೂ ನಂಬರು ಬೀಳುವಂತಿಲ್ಲ. ಸಾಲದ್ದಕ್ಕೆ ಹೊಸ ನಮೂನೆಯಲ್ಲಿ ನೀರಿಗೂ ಒಂದು ಕಾಲಂ ಬಂದಿತ್ತು: "ಕನಿಷ್ಠ ಒಂದು ಸಂಪರ್ಕದಲ್ಲಾದರೂ ನೀರು ಹರಿಯುವುದನ್ನು ಕಣ್ಣಾರೆ ಕಂಡು ದೃಢೀಕರಿಸುವುದು."

ಗೋವರ್ಧನ ನೋಟಿಸನ್ನು ಎರಡು ಸಲ ಓದಿದ.

"ನೀರು ನಿಜವಾಗ್ಲೂ ಹರೀತೈತಾ?"

"ಹರೀತಿತ್ತು ಸಾರ್. ನೀವು ಸೀಲು ಹಾಕಿಸೋ ತನಕ."

"ಕಣ್ಣಿಗೆ ಕಾಣ್ತೈತಾ?"

"ಕಾಣ್ತೈತೆ."

"ಆ ಪೆಟ್ಟಿಗೇಗೆ ಬಾಗ್ಲೈತಾ?"

"ಪಕ್ಕದಾಗೆ ಮುಚ್ಚಳ ಐತೆ."

"ಕಿಟಕಿ?"

"ಗಾಳಿಗೆ ತೂತೈತೆ. ಒಳಗೆ ಲೈಟೂ ಐತೆ ಸಾರ್."

"ಬಿದ್ದೋದ ಮನೆಗಿಂತ ವಾಸಿ," ಎಂದು ಗೋವರ್ಧನ ಪೆನ್ನು ತೆಗೆದ.

"ಒಂದು ಮಾತು ಸಾರ್. ಅವರು ನೋಡ್ಕೊಂಡು ಹೋದ್ಮೇಲೆ ಮತ್ತೆ ಸೀಲು ಹಾಕ್ಬಾರ್ದು. ನಂದೊಂದು ಅರ್ಜಿ ಐತೆ."

"ನಂಬರ್ ಇದ್ದ ಮನೆಗೆ ಯಾರಮ್ಮ ಸೀಲ್ ಹಾಕ್ತಾರೆ?"

ಮನೆ ನಂಬರು 313ನ್ನು ಕಂಪ್ಯೂಟರಿಗೆ ಕೊಡಲಾಯಿತು. ಯಜಮಾನರ ಕಾಲಂನಲ್ಲಿ 'ಸ್ವತಃ' ಎಂದು ಬರೆದರು. ಕ್ಯಾತಪ್ಪ ಸೀಲು ಒಡೆದು, ಪೆಟ್ಟಿಗೆಯ ಮೇಲೆ ನೀಲಿ ಬಣ್ಣದಲ್ಲಿ ನಂಬರು ಬರೆದು, ತಪಾಸಣೆ ಮುಗಿಯುವ ತನಕ ಯಾರೂ ಮುಟ್ಟಕೂಡದೆಂದ.

ಮೂವತ್ತರಂದು ತಪಾಸಣೆಯ ಅಧಿಕಾರಿ ಹನ್ನೊಂದಕ್ಕೆ ಬರಬೇಕಿತ್ತು, ಒಂದೂಮುಕ್ಕಾಲಿಗೆ ಬಂದರು. ಬಾಗಿ ಟ್ಯೂಬು ನೋಡಿದರು. ನೀರು ಓಡುತ್ತಿತ್ತು. ಗಂಗಲಕ್ಷ್ಮಿ ಗಡಿಯಾರ ನೋಡುತ್ತಿದ್ದಳು.

"ಎಷ್ಟು ಹೊತ್ತು ಬರುತ್ತೆ?"

"ಸ್ವಿಚ್ ಹಾಕಿದಾಗೆಲ್ಲ ಬರ್ತೈತೆ ಸಾರ್."

ಇಪ್ಪತ್ತನಾಲ್ಕು ಗಂಟೆ ಎಂದು ಬರೆದುಕೊಂಡರು. "ಬಳಕೆ?"

"ಮೂರ್ ತಿಂಗಳಿಗೆ ಒಂದ್ ಲೀಟ್ರು ತುಂಬಿಸಿದ್ರೆ ಹೆಚ್ಚು."

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು. "ನನ್ನ ಸರ್ವೀಸಿನಲ್ಲಿ ಇಷ್ಟು ಮಿತವಾಗಿ ನೀರು ಬಳಸುವ ಊರು ನೋಡಿಲ್ಲ."

"ಕುಡಿಯಾಕೆ ಏನ್ ಮಾಡಾಣ ಸ್ವಾಮಿ?" ಎಂದಳು ಯರ್ರಮ್ಮ.

"ಕುಡಿಯೋದರ ನಮೂನೆ ಬೇರೆ, ಅಜ್ಜಿ."

ಅವರ ಜೀಪು ಮೂರು ಗಂಟೆಗೆ ಹೊರಟಿತು. ಗಂಗಲಕ್ಷ್ಮಿಯ ಅರ್ಜಿ ನಾಲ್ಕು ಮೂವತ್ತೆಂಟಕ್ಕೆ ಹೋಯಿತು. ಕಂಪ್ಯೂಟರು ನಿಲ್ಲಲಿಲ್ಲ.

ಒಂದೂವರೆ ತಿಂಗಳಿಗೆ ಎರಡು ಆದೇಶಗಳು ಒಟ್ಟಿಗೆ ಬಂದವು. ಮೊದಲನೆಯದರಂತೆ ಗಂಗಲಕ್ಷ್ಮಿಗೆ ಕೆಲಸವಾಗಿತ್ತು. ನೀರು ಹರಿಯುವ ಮನೆಯಲ್ಲೇ ಅಂಗನವಾಡಿ ಇರಬೇಕೆಂಬ ನಿಯಮವಿದ್ದುದರಿಂದ ಹದಿನಾಲ್ಕು ಮಕ್ಕಳು ಅವಳ ಪಡಸಾಲೆಯಲ್ಲಿ, ಕಂಪ್ಯೂಟರಿನ ಸುತ್ತ ಕೂತರು. ಎರಡನೆಯದು ಊರಿಗೆ ಬಂದದ್ದು: "ಗ್ರಾಮದಲ್ಲಿ ದಿನವಿಡೀ ನಲ್ಲಿ ನೀರು ಲಭ್ಯವಿರುವುದರಿಂದ ಟ್ಯಾಂಕರ್ ಅನಗತ್ಯ. ಸದರಿ ಗ್ರಾಮಕ್ಕೆ ಅದರ ಬಳಕೆಯಂತೆ ಮೂರು ತಿಂಗಳಿಗೆ ಒಂದು ಲೀಟರ್ ಬ್ಯಾಟರಿ ನೀರನ್ನು ಮಂಜೂರು ಮಾಡಿದೆ."

ಆ ಒಂದು ಲೀಟರು ಟ್ಯಾಂಕರಿನಲ್ಲೇ ಬಂತು. ಕ್ಯಾತಪ್ಪ ಸಾಲು ನಿಲ್ಲಿಸಿ, ಕ್ಯಾನನ್ನು ಎಲ್ಲರಿಗೂ ತೋರಿಸಿ ಒಳಗಿಟ್ಟ. ಹೆಂಗಸರು ಖಾಲಿ ಬಿಂದಿಗೆ ಹೊತ್ತು ಎರಡು ಮೈಲಿ ಆಚೆಯ ತೋಟದ ಬೋರಿಗೆ ಹೊರಟರು.

ತಿಂಗಳ ಕೊನೆಗೆ ಗಂಗಲಕ್ಷ್ಮಿಯ ಮುಂದೆ ಅಂಗನವಾಡಿ ವರದಿಯ ಹಾಳೆ ಇತ್ತು. "ಊರಿನಲ್ಲಿ ನಲ್ಲಿ ನೀರು ಹರಿಯುತ್ತಿದೆಯೇ? ಇಲ್ಲವಾದಲ್ಲಿ ಅಂಗನವಾಡಿ ಮುಚ್ಚತಕ್ಕದ್ದು." ಪಕ್ಕದಲ್ಲಿ ಊರಿನ ಹಿರಿಯರೊಬ್ಬರ ಸಾಕ್ಷಿಗೆ ಜಾಗವಿತ್ತು. ಗಂಗಲಕ್ಷ್ಮಿ 'ಹೌದು' ಎಂದು ಬರೆಯುವಾಗ ಯರ್ರಮ್ಮ ಬೋರಿನಿಂದ ಬಂದಳು. ಸೊಂಟದ ಮೇಲೆ ಬಿಂದಿಗೆ, ಮುಖದ ತುಂಬ ಬೆವರು.

"ಸುಳ್ ಬರೀಬ್ಯಾಡ ಕಣೇ ಲಕ್ಷ್ಮೀ."

"ಸುಳ್ಳಲ್ಲ ಅತ್ತೆ. ನೀವೇ ನೋಡ್ರಿ."

ಯರ್ರಮ್ಮ ಬಿಂದಿಗೆ ಇಳಿಸದೆಯೇ ಬಾಗಿ ನೋಡಿದಳು. ಟ್ಯೂಬಿನಲ್ಲಿ ನೀರು ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು.

"ಹರೀತೈತೆ ಬಿಡು," ಎಂದು ಹೆಬ್ಬೆಟ್ಟು ಒತ್ತಿದಳು.