ನಿಜಲಿಂಗಪ್ಪನವರು ಪ್ರಶ್ನೆ ಕೇಳದ ದಿನ

ನಿಜಲಿಂಗಪ್ಪನವರ ಫಜೀತಿ ಶುರುವಾದದ್ದು ಒಂದು ಟೀ ಶರ್ಟಿನಿಂದ. ಅವರು ಕೆನಡಾದ ಮಿಸ್ಸಿಸಾಗಾದಲ್ಲಿ ನೀರಿನ ಪಂಪು ತಯಾರಿಸುವ ಕಂಪನಿಯೊಂದರಲ್ಲಿ ಎಂಜಿನಿಯರ್. ಆ ಕಂಪನಿ ವರ್ಷಕ್ಕೊಮ್ಮೆ ವೆಲ್‌ನೆಸ್ ಡೇ ಅಂತ ಆರೋಗ್ಯದ ಹಬ್ಬ ಮಾಡುತ್ತದೆ. ಈ ಸಲ ಹಬ್ಬಕ್ಕೆಂದು ಹಂಚಿದ ಹಸಿರು ಶರ್ಟಿನ ಎದೆಯ ಮೇಲೆ ‘ನಿಮ್ಮ ಹೃದಯ ಜೋಪಾನ’ ಎಂಬ ಅರ್ಥದ ಇಂಗ್ಲಿಷ್ ಮಾತಿತ್ತು. ಬೆನ್ನ ಮೇಲೆ, ಜೋಳದ ರೊಟ್ಟಿಯಷ್ಟು ಅಗಲಕ್ಕೆ, ‘ಕ್ರಂಚಿ ಜೋ ಚಿಪ್ಸ್’ ಎಂದು ಬರೆದು ಪಕ್ಕದಲ್ಲೊಂದು ನಗುವ ಆಲೂಗಡ್ಡೆಯನ್ನು ಕೂರಿಸಿದ್ದರು.

ಬೇರೆ ಯಾರಾದರೂ ಪುಕ್ಕಟೆ ಶರ್ಟೆಂದು ತೊಟ್ಟುಕೊಂಡು ಸುಮ್ಮನಾಗುತ್ತಿದ್ದರು. ಆದರೆ ನಿಜಲಿಂಗಪ್ಪನವರಿಗೆ ಧಾರವಾಡದ ಶಾಲೆಯ ದಿನಗಳಿಂದಲೂ ಪ್ರಶ್ನೆ ಕೇಳುವ ಚಟ. ಹೆಣ್ಣು ನೋಡಲು ಹೋದ ಮನೆಯಲ್ಲಿ ಗೋಡೆಯ ಗಡಿಯಾರ ಯಾಕೆ ನಿಂತಿದೆ ಎಂದು ಕೇಳಿ, ಕುರ್ಚಿ ಹತ್ತಿ ಇಳಿಸಿ ಬಿಚ್ಚಿಕೊಂಡು ಕೂತು, ಹೆಣ್ಣನ್ನು ನೋಡುವುದನ್ನೇ ಮರೆತವರು ಅವರು. ಅಂಥವರು ಪೋರ್ಟ್ ಕ್ರೆಡಿಟ್‌ನ ಸರೋವರದ ದಂಡೆಯಲ್ಲಿ ಕಾರಿಳಿಯುವಾಗ ಶರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತಲೇ ಇಳಿದರು.

ಎಚ್‌ಆರ್‌ನ ದೀಪ್ತಿ ಅವರ ದಾರಿ ಕಾಯುತ್ತಿದ್ದವಳಂತೆ ಓಡಿಬಂದಳು. ಬೆಂಗಳೂರಿನ ಹುಡುಗಿ. ಇಡೀ ಆಫೀಸಿನಲ್ಲಿ ಇವರೊಡನೆ ಕನ್ನಡ ಮಾತಾಡುವವರು ಅವಳು ಮತ್ತು ಪಕ್ಕದ ಟೇಬಲ್ಲಿನ ವಿಕ್ರಮ್, ಇಬ್ಬರೇ.

“ಸರ್, ಒಂದು ರಿಕ್ವೆಸ್ಟು. ಟೆಂಟು, ಊಟ, ಯೋಗ ಟೀಚರ್, ಎಲ್ಲಾ ಆ ಚಿಪ್ಸ್‌ನವ್ರ ಸ್ಪಾನ್ಸರ್‌ಶಿಪ್ಪು. ಇವತ್ತು ಯಾರೂ ಏನೂ ಕೇಳಕೂಡದು ಅಂತ ಮೇಲಿಂದ ಆರ್ಡರ್ ಇದೆ. ಅದ್ರಲ್ಲೂ ಚಿಪ್ಸಿಗೂ ಆರೋಗ್ಯಕ್ಕೂ ಏನು ಸಂಬಂಧ ಅಂತ ಮಾತ್ರ ದಯವಿಟ್ಟು ಮೈಕಲ್ಲಿ ಕೇಳ್ಬೇಡಿ.”

ಸರಿಯಾಗಿ ಅದೇ ಪ್ರಶ್ನೆ ನಿಜಲಿಂಗಪ್ಪನವರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಹುಡುಗಿಯ ಮುಖ ಬಾಡಿತ್ತು. ನೋಡಿ ಅವರ ಕರುಳು ಚುರ್ ಎಂದಿತು.

“ಆತು ಬಿಡ್ರಿ ಮೇಡಂ. ಇವತ್ತ ತುಟಿ ಪಿಟಕ್ ಅನ್ನೂದಿಲ್ಲ,” ಎಂದು ಮಾತು ಕೊಟ್ಟರು.

ಕೊಡುವುದು ಸುಲಭವಿತ್ತು. ಉಳಿಸಿಕೊಳ್ಳುವುದು ತುರಿಕೆ ಎದ್ದಾಗ ಕೈ ಕಟ್ಟಿಕೊಂಡು ಕೂತ ಹಾಗಾಯಿತು. ಮೊದಲು ಯೋಗ. ಅಲ್ಲಲ್ಲಿ ಬಾತುಗಳು ಹೊಲಸು ಮಾಡಿದ್ದ ಹುಲ್ಲಿನ ಮೇಲೆ ಜಾಗ ಹುಡುಕಿ ಎಲ್ಲರೂ ಚಾಪೆ ಹಾಸಿದರು. ಉಸಿರು ಒಳಗೆಳೆದುಕೊಂಡು ಹೊಟ್ಟೆ ಹಗುರವಾಗುವುದನ್ನು ಅನುಭವಿಸಿರಿ ಎಂದು ಟೀಚರ್ ಹೇಳುತ್ತಿರುವಾಗಲೇ ಆಲೂಗಡ್ಡೆಯ ವೇಷ ತೊಟ್ಟವನೊಬ್ಬ ಪ್ರತಿ ಚಾಪೆಯ ತಲೆದೆಸೆಯಲ್ಲಿ ಒಂದೊಂದು ಪೊಟ್ಟಣ ಇಟ್ಟು ಹೋದ. ಪ್ರಶ್ನೆ ಗಂಟಲಿಗೆ ಬಂತು. ತಡೆಯಲು ಬೇರೆ ಉಪಾಯ ಕಾಣದೆ ನಿಜಲಿಂಗಪ್ಪನವರು ಪೊಟ್ಟಣ ಒಡೆದು ಒಂದು ಮುಷ್ಟಿ ಚಿಪ್ಸನ್ನು ಬಾಯಿಗೆ ತುರುಕಿಕೊಂಡರು. ಪ್ರಶ್ನೆ ಒಳಗೆ ಹೋಯಿತು.

ಉಪಾಯ ಫಲಿಸಿದ್ದು ಅವರಿಗೇ ಆಶ್ಚರ್ಯ. ಆಮೇಲೆ ಟೆಂಟಿನೊಳಗೆ ಚಿಪ್ಸ್ ಕಂಪನಿಯೇ ಕರೆತಂದ ಆಹಾರ ತಜ್ಞರ ಭಾಷಣ. ತಿನ್ನುವುದರಲ್ಲಿ ತಪ್ಪೇನಿಲ್ಲ, ಕೂತಲ್ಲೇ ಕೂರುವುದರಲ್ಲಿದೆ ತಪ್ಪು ಎಂದು ಅವರು ಕೂತುಕೊಂಡೇ ಹೇಳಿದರು. ನಿಜಲಿಂಗಪ್ಪನವರು ಒಂದು ಮುಷ್ಟಿ ನುಂಗಿದರು. ಆಲೂಗಡ್ಡೆ ತರಕಾರಿಯಲ್ಲವೇ ಎಂದರು ತಜ್ಞರು. ಇವರು ಎರಡು ಮುಷ್ಟಿ ನುಂಗಿದರು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿದೆ, ಒಳಗೆ ಕರೆಯಬೇಡಿ ಎಂದು ಡಾಕ್ಟರು ಹೇಳಿದ್ದು ನೆನಪಿತ್ತು. ಆದರೆ ಒಂದು ಕಡೆ ಡಾಕ್ಟರ ಮಾತು, ಇನ್ನೊಂದು ಕಡೆ ತಾವು ಕೊಟ್ಟ ಮಾತು. ಭಾಷಣಕಾರರು “ಯಾರಿಗಾದರೂ ಪ್ರಶ್ನೆಗಳಿವೆಯೇ?” ಎಂದಾಗ ಮೈಕು ಹಿಡಿದ ದೀಪ್ತಿ ಎಲ್ಲರನ್ನೂ ದಾಟಿ ನೇರ ಇವರ ಎದುರಿಗೇ ಬಂದು ನಿಂತಳು. ಪಾಪ, ನನ್ನನ್ನು ಕಾಯಲು ಬಂದಿದ್ದಾಳೆ ಎಂದುಕೊಂಡು ಇವರು ಉಳಿದದ್ದನ್ನೆಲ್ಲ ಬಾಯಿಗೆ ಸುರಿದು, ಕೆನ್ನೆ ಉಬ್ಬಿಸಿ, ಇಲ್ಲವೆಂದು ತಲೆಯಾಡಿಸಿದರು.

ಇದನ್ನೆಲ್ಲ ವಿಕ್ರಮ್ ಮೊಬೈಲಿನಲ್ಲಿ ಹಿಡಿದು ಕನ್ನಡದವರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಹೆಂಡತಿ ಜಯಶೀಲಾಳ ಫೋನು ಬಂತು. “ಇಲ್ಲೆ ಮನ್ಯಾಗ ಶೇಂಗಾ ಹೋಳಿಗಿ ಡಬ್ಬಿ ಮುಚ್ಚಿಟ್ಟ ಕುಂತೀನಿ ನಾ. ನೀವು ಅಲ್ಲೆ ಏನ್ ನಡ್ಸೀರಿ?” ಎಂದಳು. ಇವರು ಉತ್ತರ ಕೊಡಲು ನೋಡಿದರು. ಅವಳಿಗೆ ಕೇಳಿಸಿದ್ದು ಕರಂ ಕರಂ ಸದ್ದೊಂದೇ. ಫೋನು ಇಟ್ಟಳು.

ಅಷ್ಟರಲ್ಲಿ ಚಿಪ್ಸ್ ಕಂಪನಿಯ ಪ್ರತಿನಿಧಿ, ಹಲ್ಲೆಲ್ಲ ತೋರಿಸುವ ಎತ್ತರದ ಮನುಷ್ಯ, ಇವರನ್ನು ಗುರುತಿಸಿಬಿಟ್ಟಿದ್ದ. ಬೆಳಗಿನಿಂದ ತಮ್ಮ ಚಿಪ್ಸನ್ನು ಇಷ್ಟು ಭಕ್ತಿಯಿಂದ ತಿಂದವರನ್ನು ತಾನು ಎಲ್ಲೂ ಕಂಡಿಲ್ಲವೆಂದು ವೇದಿಕೆಗೆ ಕರೆದು ಹೆಗಲ ಮೇಲೆ ಕೈ ಹಾಕಿದ. ಸಾಮಾನ್ಯವಾಗಿ ಇಂಥ ಕಡೆ ಯಾರಾದರೊಬ್ಬರು ಎದ್ದು ಕೊಂಕು ಪ್ರಶ್ನೆ ಕೇಳುತ್ತಾರೆ, ಇಲ್ಲಿ ಒಬ್ಬರೂ ಕೇಳಲಿಲ್ಲ, ಸಂತೋಷವಾಯಿತು ಎಂದ. ನಿಜಲಿಂಗಪ್ಪನವರ ಕಣ್ಣಲ್ಲಿ ನೀರು ಬಂತು. ಅದು ಉಪ್ಪುಖಾರಕ್ಕೆ ಬಂದದ್ದು. ಜನ ಅಭಿಮಾನದ ಕಣ್ಣೀರೆಂದು ಚಪ್ಪಾಳೆ ತಟ್ಟಿದರು. ಪಂಪು ಕಂಪನಿಯ ದೊಡ್ಡ ಸಾಹೇಬರೂ ತಟ್ಟಿದರು, ಅಲ್ಲೇ ಮೇಜಿನ ಮೇಲೆ ಬಗ್ಗಿ ಯಾವುದೋ ಕಾಗದಕ್ಕೆ ಸಹಿ ಹಾಕಿ ಪ್ರತಿನಿಧಿಯ ಕೈ ಕುಲುಕಿದರು.

ನಿಜಲಿಂಗಪ್ಪನವರು ಇಳಿದು, ಒಂದು ಬಾಟಲಿ ನೀರು ಕುಡಿದು, ಬಹುಮಾನ ಗೆದ್ದ ಹುಡುಗನಂತೆ ದೀಪ್ತಿಯನ್ನು ಹುಡುಕಿಕೊಂಡು ಹೋದರು. ಅವಳು ದಂಡೆಯ ಬೆಂಚಿನ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಳು.

“ನೋಡಿದ್ರಿಲ್ಲ ಮೇಡಂ? ಒಂದ ಮಾತ ಆಡ್ಲಿಲ್ಲ. ನಿಮ್ಮ ಕೆಲಸ ಉಳೀತಲ್ರಿ?”

ದೀಪ್ತಿ ತಲೆ ಎತ್ತಿದಳು. “ಇವತ್ತೊಂದಿನ ನೀವ್ಯಾಕೆ ಸರ್ ಹೇಳಿದ ಮಾತು ಕೇಳಿದ್ರಿ?”

ಆಮೇಲೆ ಅವಳು ಎಲ್ಲ ಬಿಚ್ಚಿಟ್ಟಳು. ಕ್ಯಾಂಟೀನಿನ ಹಣ್ಣು ಮತ್ತು ಬೇಳೆ ಸೂಪಿನ ಕೌಂಟರ್ ತೆಗೆದು ಅಲ್ಲಿ ಚಿಪ್ಸಿನ ಯಂತ್ರಗಳನ್ನು ಇಡುವ ಒಪ್ಪಂದಕ್ಕೇ ಸಾಹೇಬರು ಸಹಿ ಹಾಕಿದ್ದು. ಅವಳು ವಿರೋಧಿಸಿದ್ದಕ್ಕೆ ಅವಳ ಬಾಯಿ ಮುಚ್ಚಿಸಿದ್ದರು. ನೌಕರರಲ್ಲಿ ಒಬ್ಬರಾದರೂ ಎಲ್ಲರೆದುರು ಆಕ್ಷೇಪ ಎತ್ತಿದ್ದರೆ ಸಾಹೇಬರು ಸಹಿ ಹಾಕುತ್ತಿರಲಿಲ್ಲ. ಆ ಒಬ್ಬರು ಯಾರೆಂದು ಯೋಚಿಸಿ ಅವಳು ಇವರನ್ನೇ ಆರಿಸಿದ್ದಳು.

“ಹೋದ ವರ್ಷ ಫೈರ್ ಡ್ರಿಲ್ಲಲ್ಲಿ ಏನೂ ಕೇಳ್ಬೇಡಿ ಅಂದೆ. ನೀವು ಫೈರ್ ಟ್ರಕ್ಕೇ ಹತ್ತಿ ಕೂತ್ಕೊಂಡು ಕೇಳಿದ್ರಿ. ಬೇಡ ಅಂದ್ರೆ ಸಾಕು, ಗ್ಯಾರಂಟಿ ಕೇಳ್ತೀರ ಅಂದ್ಕೊಂಡೆ. ಮೈಕು ತಂದು ಮೂಗಿಗೇ ಹಿಡಿದ್ನಲ್ಲ ಸರ್.”

ನಿಜಲಿಂಗಪ್ಪನವರು ಬೆಂಚಿನ ಇನ್ನೊಂದು ತುದಿಗೆ ಕೂತರು. “ಅಲ್ರೀ, ನನಗ ಸೀದಾ ಕೇಳ್ರಿ ಅಂತ ಹೇಳಬಾರದಿತ್ತೇನು?”

“ಕೇಳಿ ಅಂದಿದ್ರೆ, ಯಾಕೆ ಕೇಳ್ಬೇಕು ಅಂತ ನನ್ನನ್ನೇ ಕೇಳ್ತಾ ಕೂತಿರ್ತಿದ್ರಿ.”

ಆ ಮಾತು ನಿಜವೋ ಸುಳ್ಳೋ ಎಂದು ಅವರು ತೂಗಿ ನೋಡುತ್ತಿರುವಾಗಲೇ ಫೋಟೋಗ್ರಾಫರ್ ಹುಡುಕಿಕೊಂಡು ಬಂದ. ಹೊಸ ಯಂತ್ರಗಳ ಮೇಲೆ ಅಂಟಿಸಲು ಇವರದೇ ಚಿತ್ರ ಬೇಕಂತೆ. ಕೆನ್ನೆಗಳು ಆಗಿನಂತೆಯೇ ಉಬ್ಬಿರಬೇಕು ಎಂದು ಹೇಳಿ, ಹೊಸ ಪೊಟ್ಟಣವೊಂದನ್ನು ಟರ್ರನೆ ಹರಿದು ಅವರ ಕೈಗಿತ್ತ.