ಎಲೆ ಒಣಗಿದ ಕಾಡು ಈರುಳ್ಳಿ ಸತ್ತಿಲ್ಲವೆಂಬ ಬಗ್ಗೆ

ಇಂದ:
ಆರನೇ ಪಾತಿಯ ಮಾಲಿ,
ಸಾರ್ವಜನಿಕ ಉದ್ಯಾನ

ಗೆ:
ಮಾನ್ಯ ಮೇಲ್ವಿಚಾರಕರು,
ಅದೇ ಉದ್ಯಾನ

ವಿಷಯ: ಆರನೇ ಪಾತಿಯನ್ನು ಸೋಮವಾರ ಅಗೆಯದೆ, ಹನ್ನೊಂದು ದಿನ ತಡೆಹಿಡಿಯುವ ಕುರಿತು.

ಉಲ್ಲೇಖ: ಸದರಿ ಪಾತಿಗೆ ತಾವು ಗುರುವಾರ ಕಟ್ಟಿಸಿದ, 'ಸತ್ತಿದೆ' ಎಂಬ ಕೆಂಪು ಚೀಟಿ.

ಮಾನ್ಯರೇ,

ಅರ್ಜಿದಾರನು ತಲೆ ತಗ್ಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಗಿಡವು ಹೂವಿಗಾಗಿ ಬೆಳೆಸುವ ಕಾಡು ಈರುಳ್ಳಿ. ಎಲೆ ಹೊಸಕಿದರೆ ಅಡುಗೆಮನೆಯ ಘಾಟು. ಆ ಕಾರಣ ಹೆಗ್ಗಣಗಳೂ ಮೂಸಿ ನೋಡಿ ಮುಂದೆ ಹೋಗುತ್ತವೆ. ಬೀಜ ಹಾಕಿದ ಮೇಲೆ ಹೂವಿಗೆ ಐದು ವರ್ಷ. ಅರ್ಜಿದಾರನು ಐದೂ ವರ್ಷ ಕಾದಿದ್ದಾನೆ.

2. ಹೂ ಬಿಡುವ ಹೊತ್ತಿಗೆ ಇದರ ಎಲೆಗಳು ತಾವಾಗಿಯೇ ಹಳದಿಯಾಗಿ ಒಣಗುತ್ತವೆ. ಇದು ರೋಗವಲ್ಲ, ಮಾಲಿಯ ಸೋಮಾರಿತನವೂ ಅಲ್ಲ, ಗಿಡದ ಹುಟ್ಟುಗುಣ. ಆಮೇಲೆ ಬೋಳು ದಂಟಿನ ತುದಿಯಲ್ಲಿ ನೂರಾರು ಪುಟ್ಟ ಹೂಗಳು ಸೇರಿ ಒಂದು ನೇರಳೆ ಚೆಂಡಾಗುತ್ತವೆ. ಮೊಗ್ಗು ಈಗಾಗಲೇ ಕಟ್ಟಿದೆ; ಪೂರ್ತಿ ಅರಳಲು ಇನ್ನು ಹನ್ನೊಂದು ದಿನ ಬೇಕು.

3. ಒಣಗಿದ್ದಕ್ಕೆಲ್ಲ ಕೆಂಪು ಚೀಟಿ, ಚೀಟಿ ಬಿದ್ದಿದ್ದಕ್ಕೆಲ್ಲ ಸೋಮವಾರ ಗುದ್ದಲಿ ಎಂಬುದು ನಮ್ಮ ಕಚೇರಿಯ ಪದ್ಧತಿ. ಆದ್ದರಿಂದ, ಗುರುವಾರ ತಪಾಸಣೆಯೆಂದು ತಿಳಿದ ಅರ್ಜಿದಾರನು ಬುದ್ಧಿಗೆ ಮಂಕು ಕವಿದು, ಬೆಂಚುಗಳಿಗೆಂದು ತಂದಿದ್ದ ಹಸಿರು ಬಣ್ಣವನ್ನು ಒಂದೊಂದು ಎಲೆಗೂ ಬಳಿದನು. ಬಣ್ಣ ಒಣಗಲಿಲ್ಲ. ಆ ಕಾರಣ ತಮ್ಮ ಬಿಳಿ ಅಂಗಿಗೆ ಒದಗಿದ ಸ್ಥಿತಿಗೆ ಅವನೇ ಪೂರ್ಣ ಹೊಣೆ. "ಏನಯ್ಯಾ, ಸತ್ತ ಗಿಡಕ್ಕೆ ಬಣ್ಣ ಹೊಡೀತೀಯಾ?" ಎಂದು ತಾವು ಕೇಳಿದಾಗ ಅರ್ಜಿದಾರನು ಕುಂಚವನ್ನು ಬೆನ್ನ ಹಿಂದೆ ಬಚ್ಚಿಟ್ಟನು.

4. ಅರ್ಜಿದಾರನ ಹೆಂಡತಿ ಐದು ವರ್ಷ "ಅಡುಗೆಗೂ ಆಗದ ಈರುಳ್ಳಿ ಕಟ್ಕೊಂಡು ಏನ್ರೀ ಮಾಡ್ತೀರಿ?" ಎಂದು ಮೂಗು ಮುರಿದವಳು, ಮೊಗ್ಗಿನ ಸುದ್ದಿ ಕೇಳಿ ತಾನೇ ಮೆತ್ತಗಾಗಿದ್ದಾಳೆ. "ಅಕ್ಕ, ಭಾವ, ಮಕ್ಕಳು, ಎಲ್ಲರನ್ನೂ ಹೂ ನೋಡೋಕೆ ಕರೆದಿದೀನಿ. ನನ್ನ ಮಾನ ಕಳೀಬೇಡಿ" ಎಂದಿದ್ದಾಳೆ. ಚೀಟಿಯ ವಿಚಾರ ಅವಳಿಗೆ ಹೇಳಿಲ್ಲ. ಧೈರ್ಯ ಸಾಲಲಿಲ್ಲ.

5. ಅವಳ ಮಾತು ಹಾಗಿರಲಿ, ಆ ಹೂವನ್ನು ನನಗೇ ನೋಡಬೇಕಾಗಿದೆ ಸ್ವಾಮಿ. ಈ ಒಂದು ಕಡೆ 'ಅರ್ಜಿದಾರ' ಎಂದು ಬರೆಯಲು ಮನಸ್ಸು ಬರಲಿಲ್ಲ.

ಆದ್ದರಿಂದ ತಾವು ದಯಮಾಡಿ ಹನ್ನೊಂದು ದಿನ ಗುದ್ದಲಿಯನ್ನು ಗೋಡೆಗೆ ಒರಗಿಸಿಡಬೇಕು.

ಇನ್ನೂ ಕೈಯ ಬಣ್ಣ ಹೋಗದ,
ತಮ್ಮ ವಿಶ್ವಾಸಿ,
ಮಾಲಿ

ಲಗತ್ತುಗಳು:
1. ಬಣ್ಣ ಬಳಿಯುವಾಗ ಕಣ್ತಪ್ಪಿ ಉಳಿದ ಒಣ ಎಲೆ: ಒಂದು
2. ಬಟ್ಟೆ ಸೋಪು: ಒಂದು

ವಿಶೇಷ ಸೂಚನೆ: ಅಗೆಯಲೇಬೇಕೆಂದು ತೀರ್ಮಾನವಾದಲ್ಲಿ, ಆದೇಶವನ್ನು ಅರ್ಜಿದಾರನ ಕೈಗೆ ಕೊಡದೆ, ತಾವೇ ಖುದ್ದಾಗಿ ಮನೆಗೆ ಬಂದು ಅವನ ಹೆಂಡತಿಗೆ ಜಾರಿ ಮಾಡಬೇಕಾಗಿ ವಿನಂತಿ.