ಮಂಚದ ಕೆಳಗಿನ ಸಂಘ

ಊರಲ್ಲಿ ಸಂಘ ಕಟ್ಟಿದವರಿಗೆ ಶಾಲು ಸಿಗುತ್ತದೆ, ಹಾರ ಸಿಗುತ್ತದೆ ಎಂದು ಕೇಳಿದ್ದೇನೆ. ಮುಂಬಯಿಯಲ್ಲಿ ಕಟ್ಟಿದವನಿಗೆ ಸಿಗುವುದು ಫಜೀತಿ. ಅದೂ ಒಂದಲ್ಲ. ಒಂದು ಮುಗಿಯಿತೆಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಚಪ್ಪಲಿ ಕಳಚಿಟ್ಟು ಒಳಗೆ ಬಂದು ಕೂತಿರುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜೋಗೇಶ್ವರಿಯ ಒಂದು ಚಾಳಿನಲ್ಲಿ ನಮ್ಮ ಬಿಡಾರ. ನಾನು ಧಾರವಾಡದ ಕಡೆಯವನು, ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತ, ನಮ್ಮ ಪುಟ್ಟ ಕನ್ನಡ ಸಂಘಕ್ಕೆ ಕಾರ್ಯದರ್ಶಿ. ಅಧ್ಯಕ್ಷರು ಉಡುಪಿ ಕಡೆಯವರು, ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುತ್ತಿದ್ದರು. ಮಾತಿನಲ್ಲಿ ನಾವಿಬ್ಬರೂ ಉತ್ತರ ದಕ್ಷಿಣ. ಆದರೆ ಒಂದು ಗುಣ ಇಬ್ಬರಿಗೂ ಇತ್ತು: ಕೂತಲ್ಲಿ ಕೂರಲಾರೆವು. ಸಭೆ ಶುರುವಾದ ಕೂಡಲೇ ಅವರು ವಾಚು ನೋಡುತ್ತಿದ್ದರು, ನಾನು ಬಾಗಿಲು ನೋಡುತ್ತಿದ್ದೆ.

ಭಜನೆ

ಸಂಘಕ್ಕೆ ಸ್ವಂತದ್ದೆಂದು ಇದ್ದದ್ದು ಒಂದು ಹಾರ್ಮೋನಿಯಂ, ಒಂದು ಬ್ಯಾನರು, ಮಕ್ಕಳಿಗೆ ಅಕ್ಷರ ಕಲಿಸುವ ಕರಿಹಲಗೆ ಮತ್ತು ನಾಟಕದ ಕಿರೀಟ. ಇಲ್ಲದ್ದು ಜಾಗ. ಹಾಗಾಗಿ ಅಷ್ಟೂ ಆಸ್ತಿ ನಮ್ಮ ಒಂದೇ ಖೋಲಿಯ ಮನೆಯಲ್ಲಿ, ಮಂಚದ ಕೆಳಗೆ ವಾಸವಾಗಿತ್ತು.

ಭಾನುವಾರದ ಪಾಠ ಚಾಳಿನ ಓಣಿಯಲ್ಲೇ ನಡೆಯುತ್ತಿತ್ತು. 'ಅ' ಬರೆದು 'ಆ' ಬರೆಯುವಷ್ಟರಲ್ಲಿ ಯಾರೋ ನೀರಿನ ಕೊಡ ಹೊತ್ತು ಬರುತ್ತಿದ್ದರು. ಮಕ್ಕಳೆಲ್ಲ ಎದ್ದು ಗೋಡೆಗೆ ಅಂಟಿಕೊಳ್ಳಬೇಕು. ಮತ್ತೆ ಕೂತರೆ ಇನ್ನೊಂದು ಕೊಡ. ನಮ್ಮ ಮಕ್ಕಳು ಅಕ್ಷರ ಕಲಿತದ್ದಕ್ಕಿಂತ ಎದ್ದು ನಿಲ್ಲುವುದನ್ನು ಕಲಿತದ್ದೇ ಹೆಚ್ಚು. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಮಗ ಉತ್ತರ ಕೊಡುತ್ತಿದ್ದ. ಒಂದು ಖೋಲಿ ಬೇಕಿತ್ತು, ಒಂದೇ ಒಂದು ಖೋಲಿ.

ಅದು ನನಗಿಂತ ಹೆಚ್ಚಾಗಿ ಬೇಕಿದ್ದದ್ದು ನನ್ನ ಹೆಂಡತಿಗೆ. ಒಂದು ಸಂಜೆ ಅವಳು ಕಸ ಗುಡಿಸಲು ಹಾರ್ಮೋನಿಯಂ ಈಚೆಗೆಳೆದಳು. ಪೊರಕೆಯ ಹಿಡಿ ಅದರ ಒಂದು ಸ್ವರದ ಮನೆಗೆ ಸಿಕ್ಕಿಕೊಂಡು, ತಿದಿ ಬಿಚ್ಚಿಕೊಂಡು, ಪೆಟ್ಟಿಗೆ ದೊಡ್ಡದಾಗಿ ನರಳಿತು. ಪಕ್ಕದ ಖೋಲಿಯ ಅಜ್ಜಿ ಭಜನೆ ಶುರುವಾಯಿತೆಂದು ತಾಳ ಹಿಡಿದು ಬಾಗಿಲಿಗೆ ಬಂದರು. ಹಿಂದೆಯೇ ಮೇಲಿನ ಮಾಳಿಗೆಯವರು ಬಂದರು. ಕ್ಷಣದಲ್ಲಿ ಖೋಲಿ ತುಂಬಿ, ಇವಳು ಪೊರಕೆ ಬಚ್ಚಿಟ್ಟು ಎಲ್ಲರಿಗೂ ಚಹಾ ಇಟ್ಟಳು. ನಾನು ಆಫೀಸಿನಿಂದ ಬಂದಾಗ ನಮ್ಮ ಮನೆಯಲ್ಲಿ ಮಂಗಳಾರತಿ ನಡೆಯುತ್ತಿತ್ತು.

ಎಲ್ಲರೂ ಹೋದ ಮೇಲೆ ಅವಳು ಹೇಳಿದಳು: "ದೀಪಾವಳಿಗೆ ನಮ್ಮವ್ವ ಬರ್ತಾಳ. ಆಕಿ ಮಂಚದ ಮ್ಯಾಲೆ ಮಲಗ್ತಾಳ, ನೀವು ಮಂಚದ ಕೆಳಗ. ಅಲ್ಲಿ ನೀವಿರ್ತೀರೋ, ನಿಮ್ಮ ಸಂಘ ಇರ್ತದೋ, ಅಷ್ಟು ಹೇಳಿಬಿಡ್ರಿ."

ತುಂಬಿದ ಸಭೆ

ಚಾಳಿನ ಮಾಲೀಕರು ಬೋರಿವಲಿಯಲ್ಲಿದ್ದ ಒಬ್ಬ ಸೇಠ್. ನಮ್ಮ ನಲ್ಲಿಯ ಪಕ್ಕ ಒಂದು ಖೋಲಿಯಲ್ಲಿ ಇದ್ದಿಲು ಮಾರುವವನಿದ್ದ. ಅವನು ಖಾಲಿ ಮಾಡಿ ಊರಿಗೆ ಹೋದ. ನಾನೂ ಅಧ್ಯಕ್ಷರೂ ಸೇಠ್ ಹತ್ತಿರ ಓಡಿದೆವು. ನಮಗಿಂತ ಮೊದಲೇ ಟೈಪಿಂಗ್ ಕ್ಲಾಸಿನ ಮಾಸ್ತರರೊಬ್ಬರು ಅಲ್ಲಿ ಕೂತು ಅದೇ ಖೋಲಿ ಕೇಳುತ್ತಿದ್ದರು.

ಸೇಠ್ ಕೆಟ್ಟ ಮನುಷ್ಯರಲ್ಲ, ಒಮ್ಮೆ ಕೈ ಸುಟ್ಟುಕೊಂಡವರು. ಹಿಂದೆ ಯಾವುದೋ ಮಂಡಳಕ್ಕೆ ಜಾಗ ಕೊಟ್ಟಿದ್ದರಂತೆ. ಒಂದು ಸಭೆಯೂ ನಡೆಯದೆ, ಅಲ್ಲಿ ಯಾರೋ ಈರುಳ್ಳಿ ಹರವಿದರಂತೆ. "ನಿಮ್ಮ ಜನ ಒಂದು ಕಾರ್ಯಕ್ರಮಕ್ಕೆ ಬಂದು ಕೊನೆಯವರೆಗೆ ಕೂತದ್ದನ್ನು ನನ್ನ ಕಣ್ಣಿಗೆ ತೋರಿಸಿ, ಖೋಲಿ ನಿಮ್ಮದು" ಎಂದು ತಮ್ಮ ಹಿಂದಿಯಲ್ಲಿ ಹೇಳಿದರು. ತೋರಿಸಲಾಗದಿದ್ದರೆ ಟೈಪಿಂಗಿಗೆ.

"ಕೂತ್ಕೊಳ್ಳುವುದು ಎಂತ ದೊಡ್ಡ ವಿಷಯ ಮಾರಾಯ್ರೆ?" ಎಂದರು ಅಧ್ಯಕ್ಷರು, ನಿಂತುಕೊಂಡೇ.

ಮುಂದಿನ ಭಾನುವಾರ ಶಾಲೆಯೊಂದರ ಹಾಲ್‌ನಲ್ಲಿ ಕಾರ್ಯಕ್ರಮ. ಮಧ್ಯಾಹ್ನವೇ ಹೋಗಿ ನೋಡಿದರೆ ನನ್ನ ಎದೆ ತುಂಬಿ ಬಂತು. ಒಂದು ಕುರ್ಚಿಯೂ ಖಾಲಿ ಇರಲಿಲ್ಲ. ಎಲ್ಲದರ ಮೇಲೂ ಕರ್ಚೀಫು! ಚರ್ಚ್‌ಗೇಟಿನಲ್ಲಿ ಲೋಕಲ್ ರೈಲುಗಾಡಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ಜನ ನಾವು. ಅಭ್ಯಾಸಬಲದಿಂದ ಬೆಳಿಗ್ಗೆಯೇ ಬಂದು ಮನೆಮಂದಿಗೆಲ್ಲ ಜಾಗ ಹಿಡಿದು, ತರಕಾರಿ ತರಲು ಹೋಗಿದ್ದರು. ಬೇರೆ ಕೆಲವರು ಬಂದು ನೋಡಿ, ಜಾಗವಿಲ್ಲವೆಂದು ವಾಪಸ್ಸು ಹೋದರು. ಇದ್ದ ಕರ್ಚೀಫು ಎತ್ತಿ ಕೂರುವಷ್ಟು ಧೈರ್ಯ ಮುಂಬಯಿಯಲ್ಲಿ ಯಾರಿಗಿದೆ?

ಹೊತ್ತಾಯಿತು. ತರಕಾರಿಗೆ ಹೋದವರು ಬರಲಿಲ್ಲ. ಮುಖ್ಯ ಅತಿಥಿಗಳು ಎದ್ದು, "ಕಿಕ್ಕಿರಿದು ನೆರೆದಿರುವ ಸಭಿಕರೇ" ಎಂದು ಬರೆದುಕೊಂಡು ಬಂದದ್ದನ್ನೇ ಓದಿದರು. ಎದುರಿಗೆ ಬಿಳಿ, ನೀಲಿ, ಚೌಕುಳಿ ಕರ್ಚೀಫುಗಳು ಫ್ಯಾನಿನ ಗಾಳಿಗೆ ಒಮ್ಮೊಮ್ಮೆ ತಲೆ ಎತ್ತಿ ಕೇಳಿಸಿಕೊಳ್ಳುತ್ತಿದ್ದವು.

ಸೇಠ್‌ಗೂ ಕುರ್ಚಿ ಸಿಗಲಿಲ್ಲ. ಅವರು ಗೋಡೆಗೆ ಒರಗಿ ನಿಂತು ಎಲ್ಲವನ್ನೂ ಕೇಳಿ, ಹೋಗುವಾಗ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಸೆಕ್ರೆಟರಿ ಸಾಬ್, ರೂಮ್ ಕ್ಯಾ ರುಮಾಲ್ ಕೋ ದೇನೇಕಾ?" ಖೋಲಿಯನ್ನು ಕರ್ಚೀಫಿಗೆ ಕೊಡಬೇಕೇ ಎಂದು!

ಮಹಾರಾಜರ ಡ್ಯೂಟಿ

ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿಕೊಂಡೆ. ಈ ಸಲ ನಾಟಕ ಇಟ್ಟೆವು. ನಾಟಕವಾದರೆ ಕಥೆಗೆ ಸಿಕ್ಕಿಬಿದ್ದು ಜನ ಏಳುವುದಿಲ್ಲ ಎಂಬ ಲೆಕ್ಕಾಚಾರ. ಬಾಗಿಲಲ್ಲಿ ನಾನೇ ನಿಂತು ಕರ್ಚೀಫು ಹಿಡಿದು ಬಂದವರನ್ನೆಲ್ಲ ಹೊರಗೇ ತಡೆದೆ.

ರಾಜನ ಪಾರ್ಟು ಅಧ್ಯಕ್ಷರ ಹೋಟೆಲಿನ ಸಪ್ಲಾಯರನದು. ಒಳ್ಳೆ ಕಂಠ, ಆಳೆತ್ತರ. ಆದರೆ ಹೋಟೆಲಿನವರಿಗೆ ಬಿಡುವಿರುವುದು ಊಟದ ಗದ್ದಲ ಮುಗಿದ ಮೇಲೆ ಸಂಜೆಯ ತಿಂಡಿಯ ಗದ್ದಲ ಶುರುವಾಗುವವರೆಗೆ ಮಾತ್ರ. ಪರದೆ ಏಳುವುದು ತಡವಾಯಿತು. ರಾಜ ಕಿರೀಟ ಹಾಕಿಕೊಂಡು ಚಡಪಡಿಸುತ್ತ, "ಸೆಕ್ರೆಟ್ರಿಯವರೇ, ಸಂಜೆ ಡ್ಯೂಟಿ ಉಂಟು" ಎಂದ.

ನಾನು ಅಧ್ಯಕ್ಷರ ಕಡೆ ನೋಡಿದೆ. "ಒಂದು ದಿನ ರಜೆ ಕೊಡಿ."

"ಅದೆಲ್ಲ ಆಗುವುದಿಲ್ಲ ಮಾರಾಯ್ರೆ. ಸಂಘ ಸಂಘವೇ, ಹೋಟೆಲು ಹೋಟೆಲೇ. ಭಾನುವಾರ ಸಂಜೆ ಮಸಾಲೆದೋಸೆ ನೀವು ಬಂದು ಕೊಡ್ತೀರಾ?"

ಕೊನೆಯ ಅಂಕದಲ್ಲಿ ರಣರಂಗದಲ್ಲಿ ಸಾಯಬೇಕಾದ ರಾಜನನ್ನು ಮೊದಲ ಅಂಕದಲ್ಲೇ ಹಾವಿನಿಂದ ಕಚ್ಚಿಸಿ ಮುಗಿಸಿದೆವು. ಅವನು ತನ್ನ ಪಾಲಿನ ಯುದ್ಧದ ಮಾತುಗಳನ್ನೆಲ್ಲ ಹಾವಿಗೇ ಹೇಳಿ ಬಿದ್ದ. ಬಿದ್ದವನು ಪರದೆಯ ಹಿಂದಿನಿಂದ ತೆವಳಿ, ಮುಖದ ಬಣ್ಣ ಒರೆಸುತ್ತ ಸ್ಟೇಷನ್ನಿಗೆ ಓಡಿದ. ಮುಂದಿನ ಸಾಲಿನಲ್ಲಿದ್ದ ಸೇಠ್, "ರಾಜಾ ಮರ್ ಗಯಾ, ಖೇಲ್ ಖತಮ್" ಎಂದು ಎದ್ದರು. ಅವರು ಎದ್ದದ್ದೇ ತಡ, ಅರ್ಧ ಹಾಲ್ ಎದ್ದು ಬಾಗಿಲಿಗೆ ನುಗ್ಗಿತು. ಲೋಕಲ್‌ನಲ್ಲಿ ಒಂದು ಸ್ಟೇಷನ್ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲದಿದ್ದರೆ ಇಳಿಯಲಾಗುವುದಿಲ್ಲವಲ್ಲ! ನಾನು ಕೈ ಚಾಚಿ ತಡೆಯುತ್ತಿದ್ದೆ, ಜನ ನನ್ನ ಕಂಕುಳಿನ ಕೆಳಗಿಂದ ಇಳಿದು ಹೋಗುತ್ತಿದ್ದರು.

ವೇದಿಕೆಯ ಮೇಲೆ ರಾಣಿ ಒಬ್ಬಳೇ ಉಳಿದಳು. ಆ ಪಾರ್ಟು ಒಬ್ಬ ಬ್ಯಾಂಕಿನ ಕ್ಯಾಷಿಯರರದು. ಪಾಪ, ಬಾಯಿಪಾಠ ಮಾಡಿದ ಮಾತು ಬಿಟ್ಟು ಬೇರೆ ಗೊತ್ತಿಲ್ಲ. ರಾಜ ಸತ್ತದ್ದನ್ನು ಮರೆತು, ಸೆರಗನ್ನು ಕಣ್ಣಿಗೆ ಒತ್ತಿಕೊಂಡು, "ಹಾ ವಿಧಿಯೇ! ನನ್ನ ಸ್ವಾಮಿ ಮರಳಿ ಬರುವುದೆಂದು?" ಎಂದರು.

ಹಿಂದಿನ ಸಾಲಿನಿಂದ, ಮೊದಲು ಅದೇ ಹೋಟೆಲಿನಲ್ಲಿದ್ದ ಸಪ್ಲಾಯರನೊಬ್ಬ ಎದ್ದು ಸಮಾಧಾನ ಹೇಳಿದ: "ಹೋಟೆಲ್ ಬಾಗಿಲು ಹಾಕಿದ ಮೇಲೆ ಬರ್ತಾರೆ ಅಕ್ಕ, ಎಂತಕ್ಕೆ ಅಳೂದು?"

ಗಾಡಿ ನಿಂತ ದಿನ

ಮೂರನೆಯದು ಕಡೆಯದು ಎಂದು ಸೇಠ್ ಖಂಡಿತವಾಗಿ ಹೇಳಿದರು. ಮನೆಯಲ್ಲಿ ಅತ್ತೆಯವರ ಪತ್ರ ಬಂದು, ಹೆಂಡತಿ ಮಂಚದ ಕೆಳಗೆ ಅಳತೆ ನೋಡಲು ಶುರು ಮಾಡಿದ್ದಳು.

ಆ ದಿನ ಸಂಗೀತ. ಹೊರಗೆ ಧೋ ಎಂದು ಮಳೆ. ಹಾಲ್‌ನಲ್ಲಿ ನಾನು, ಅಧ್ಯಕ್ಷರು, ಹಾಡುವವರು, ಮೈಕಿನವನು, ಸೇಠ್. ಇಷ್ಟೇ ಜನ. ಸೇಠ್ ಛತ್ರಿ ಕೊಡವುತ್ತ ನನ್ನನ್ನು ನೋಡಿದ ನೋಟದಲ್ಲಿ ಟೈಪಿಂಗ್ ಮೆಷಿನ್ನಿನ ಸದ್ದೇ ಕೇಳಿಸಿತು.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಹಳಿಗಳ ಮೇಲೆ ನೀರು ನಿಂತು ಲೋಕಲ್ ಬಂದ್ ಆಯಿತು! ಸ್ಟೇಷನ್ನಿನಿಂದ ಹೊರಬಿದ್ದ ಜನ ಎಲ್ಲಿ ಮಾಡು ಕಂಡರೆ ಅಲ್ಲಿ ನುಗ್ಗಿದರು. ನಮ್ಮ ಹಾಲ್ ಕ್ಷಣಾರ್ಧದಲ್ಲಿ ತುಂಬಿತು. ಗುಜರಾತಿಗಳು, ಮರಾಠಿಗಳು, ಮೀನಿನ ಬುಟ್ಟಿಯವರು, ಟಿಫಿನ್ ಡಬ್ಬಿಯವರು, ಎಲ್ಲರೂ ಬಂದು ಕೂತು ಕನ್ನಡ ಪದ ಕೇಳಿದರು. ಬೇರೆ ದಾರಿ ಇರಲಿಲ್ಲ. ಒಂದು ಹಾಡು ಮುಗಿದಾಗ ಚಪ್ಪಾಳೆಯೋ ಚಪ್ಪಾಳೆ. ಯಾರೋ "ವನ್ಸ್ ಮೋರ್" ಎಂದೂ ಕೂಗಿದರು.

"ನೋಡಿ ಸೇಠ್, ಜನ ಉಂಟಲ್ಲ?" ಎಂದರು ಅಧ್ಯಕ್ಷರು, ತಾವೇ ಮಳೆ ತರಿಸಿದವರಂತೆ.

ಸೇಠ್ ನಿಜಕ್ಕೂ ಕರಗಿದರು. ಅವರಿಗೆ ಹಾರ ಹಾಕಿದೆವು. ಅವರು ಕತ್ತಿನ ಬೆವರು ಒರೆಸಿಕೊಂಡು, ಕರ್ಚೀಫನ್ನು ತಮ್ಮ ಕುರ್ಚಿಯ ಮೇಲೆ ಹಾಸಿ ಜಾಗ ಭದ್ರ ಮಾಡಿ, ಮೈಕಿನ ಮುಂದೆ ಬಂದರು. "ಭಾಯಿಯೋ ಔರ್ ಬೆಹನೋ, ಆಜ್ ಮೈಂ ಯೇ ರೂಮ್..." ಎಂದು ಶುರು ಮಾಡಿದರು.

ಬಾಗಿಲಲ್ಲಿ ಯಾರೋ ಕೂಗಿದರು: "ಗಾಡೀ ಚಾಲೂ ಝಾಲೀ!" ಗಾಡಿ ಶುರುವಾಯಿತಂತೆ!

ಆಮೇಲೆ ನಡೆದದ್ದನ್ನು ನೋಡಿದವರೇ ಬಲ್ಲರು. ಬುಟ್ಟಿ, ಡಬ್ಬಿ, ಛತ್ರಿ, ಹಾಡುವವರು, ಎಲ್ಲವೂ ಬಾಗಿಲಲ್ಲಿ ಮಾಯ. ಅಧ್ಯಕ್ಷರು ಗ್ರಾಂಟ್ ರೋಡಿನ ಕಡೆಗೆ ಓಡಿದರು. ನಾನು ತಿರುಗಿ ನೋಡಿದರೆ ಮೈಕಿನ ಮುಂದೆಯೂ ಯಾರೂ ಇಲ್ಲ. ಎಲ್ಲರಿಗಿಂತ ಮುಂದೆ, ಕತ್ತಿನಲ್ಲಿ ಹಾರ ಕುಣಿಸುತ್ತ, ಬೋರಿವಲಿ ಗಾಡಿಗೆ ಓಡುತ್ತಿದ್ದವರು ನಮ್ಮ ಸೇಠ್!

ನೀಲಿ ಅಂಚು

ಕುರ್ಚಿಯ ಮೇಲೆ ಸೇಠ್ ಕರ್ಚೀಫು ಉಳಿದಿತ್ತು. ನೀಲಿ ಅಂಚು, ಮೂಲೆಯಲ್ಲಿ ಕಸೂತಿಯ ಹೂವು. ಹಿಂದಿರುಗಿಸೋಣವೆಂದು ಮನೆಗೆ ತಂದು, ಹೆಂಡತಿಗೆ ನಡೆದದ್ದೆಲ್ಲ ಹೇಳಿ ತಲೆ ಮೇಲೆ ಕೈ ಹೊತ್ತು ಕೂತೆ. ಅವಳು ಕರ್ಚೀಫು ಒಗೆದು ಹರವಿದಳು.

ಮಾರನೆಯ ಸಂಜೆ ನೋಡುತ್ತೇನೆ, ಕರ್ಚೀಫು ಇಲ್ಲ.

"ಎಲ್ಲಿ ಹೋತು?"

"ಇದ್ದಿಲ ಖೋಲಿ ನಡೂ ಹಾಸಿ, ಮ್ಯಾಲೆ ಕಲ್ಲು ಇಟ್ಟು ಬಂದೀನ್ರಿ" ಎಂದಳು, ಪಲ್ಯ ಹೆಚ್ಚುತ್ತ. "ನೀವು ಮೂರು ಸಭಾ ಮಾಡಿದ್ರಿ. ನಾ ಒಂದು ಜಾಗಾ ಹಿಡದೀನಿ."

ಆ ಖೋಲಿಗೆ ಬೀಗವೂ ಇರಲಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದಿತ್ತು. ಮುಂದಿನ ಭಾನುವಾರ, ಖೋಲಿ ತಮಗೇ ಆಯಿತೆಂದು ಟೈಪಿಂಗ್ ಮಾಸ್ತರರು ಮೇಜು, ಮೆಷಿನ್ನು, ಕೂಲಿಯವರ ಸಮೇತ ಬಂದೇ ಬಂದರು. ಬಾಗಿಲು ದೂಡಿ ಒಂದು ಹೆಜ್ಜೆ ಇಟ್ಟು ನಿಂತರು. ನಲ್ಲಿಯ ಹತ್ತಿರವಿದ್ದ ಹೆಂಗಸರೆಲ್ಲ ಒಟ್ಟಿಗೆ ಕೂಗಿದರು: "ಹಾತ್ ನಕಾ ಲಾವೂ ಮಾಸ್ತರ್! ಕುಣೀತರೀ ಜಾಗಾ ಧರ್ಲೀ ಆಹೆ." ಮುಟ್ಟಬೇಡಿ, ಯಾರೋ ಜಾಗ ಹಿಡಿದಿದ್ದಾರೆ!

ಮಾಸ್ತರರು ದಿನಾ ಲೋಕಲ್‌ನಲ್ಲಿ ಓಡಾಡುವ ಸಜ್ಜನರು. ಅಷ್ಟು ದೊಡ್ಡ ಖಾಲಿ ಖೋಲಿ, ನಡುವೆ ಅಂಗೈ ಅಗಲದ ಬಟ್ಟೆ. ಆದರೂ ಅದನ್ನು ದಾಟಲು ಅವರಿಂದ ಆಗಲಿಲ್ಲ. ಮೆಷಿನ್ನುಗಳನ್ನು ಓಣಿಯಲ್ಲಿಳಿಸಿ, ಕರ್ಚೀಫಿನವನು ಬರಲೆಂದು ಕಾಯುತ್ತ ನಿಂತರು.

ಮಾಸ್ತರರಿಗೆ ಖೋಲಿ ಒಪ್ಪಿಸಲು ಸೇಠ್ ಬಂದರು. ಮಾಸ್ತರರು ದೂರು ಹೇಳಿದರು. ಸೇಠ್ ಒಳಗೆ ಬಗ್ಗಿ ನೋಡಿ ಗುಡುಗಿದರು: "ಕಿಸ್ಕಾ ರುಮಾಲ್ ಹೈ ಯೇ?"

ನಾನು ಕಂಬದ ಹಿಂದೆ ಸರಿದೆ. ಹೆಂಡತಿ ಕೊಡವನ್ನು ನಲ್ಲಿಯ ಕೆಳಗಿಟ್ಟು ಶಾಂತವಾಗಿ ಹೇಳಿದಳು: "ಆಪ್‌ಕಾಚ್ ಹೈ, ಸೇಠ್."

ಸೇಠ್ ಮತ್ತೆ ನೋಡಿದರು. ನೀಲಿ ಅಂಚು, ಕಸೂತಿಯ ಹೂವು. ಅವರ ಮುಖದಲ್ಲಿ ಗುಡುಗು ಹೋಗಿ ಏನೋ ಬೇರೆಯೇ ಬಂತು.

"ಹಾಗಾದರೆ ಸುಲಭವಾಯಿತು" ಎಂದರು ಮಾಸ್ತರರು. "ನಿಮ್ಮದನ್ನು ನೀವು ಎತ್ತಿಕೊಳ್ಳಿ."

ಸೇಠ್ ಅವರನ್ನು ದುರುಗುಟ್ಟಿ ನೋಡಿದರು. "ಎತ್ತುವುದೇ? ನಾನು ಇಷ್ಟು ವರ್ಷ ಬೋರಿವಲಿಯಿಂದ ಚರ್ಚ್‌ಗೇಟಿಗೆ ಹೋಗುತ್ತಿದ್ದೇನೆ ಮಾಸ್ತರ್. ಸೀಟಿಗೆ ಹಾಕಿದ ರುಮಾಲು ಯಾರಾದರೂ ಎತ್ತಿದ್ದನ್ನು ಎಲ್ಲಾದರೂ ನೋಡಿದ್ದೀರಾ?" ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿದರು. "ನಾನು ಯಾರಿಗೆ ಜಾಗ ಹಿಡಿದಿದ್ದೇನೆ, ಭಾಭೀ?"

ಅವಳು ನಮ್ಮ ಬಾಗಿಲ ಕಡೆ ಕೈ ತೋರಿಸಿದಳು. ನಮ್ಮ ನಾಟಕದ ಮಹಾರಾಜ, ಹೋಟೆಲಿನ ಎರಡು ಗದ್ದಲಗಳ ನಡುವಿನ ಬಿಡುವಿನಲ್ಲಿ ಬಂದವನು, ಹಾರ್ಮೋನಿಯಂ ತಲೆಯ ಮೇಲೆ ಹೊತ್ತು ನಿಂತಿದ್ದ. ಹಿಂದೆ ಕರಿಹಲಗೆ ಹಿಡಿದು ಅಧ್ಯಕ್ಷರು, ಅವರ ಹಿಂದೆ ಚಾಳಿನ ಮಕ್ಕಳು. ಇದೆಲ್ಲ ಯಾವಾಗ ಏರ್ಪಾಡಾಯಿತೋ ಕಾರ್ಯದರ್ಶಿಯಾದ ನನಗೇ ಗೊತ್ತಿರಲಿಲ್ಲ.

ಸೇಠ್ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಾನೇ ಕೇಳಿದ್ದೆನಲ್ಲ, ರೂಮ್ ರುಮಾಲ್‌ಗೆ ಕೊಡಬೇಕಾ ಅಂತ? ಲೋ, ದೇ ದಿಯಾ!" ಇಗೋ, ಕೊಟ್ಟೆ ಎಂದು!

ಮಾಸ್ತರರ ಮೆಷಿನ್ನುಗಳಿಗೂ ಸೇಠ್ ಸ್ಟೇಷನ್ನಿನ ಹತ್ತಿರದ ಇನ್ನೊಂದು ಜಾಗ ಹೇಳಿ ಕಳಿಸಿದರು. ಆಮೇಲೆ ನಕ್ಕು ನಕ್ಕು ಬಂದ ಬೆವರು ಒರೆಸಿಕೊಳ್ಳಲು ಬಗ್ಗಿ ಕರ್ಚೀಫಿಗೆ ಕೈ ಹಾಕಿದರು.

"ಮುಟ್ಟಬ್ಯಾಡ್ರಿ!" ಎಂದು ಕಿರುಚಿದಳು ನನ್ನ ಹೆಂಡತಿ, ಹಿಂದಿ ಮರೆತು. "ತಗದ್ರ ಜಾಗಾ ಹೋಗ್ತದ!"

ಕನ್ನಡ ಬಾರದ ಸೇಠ್‌ಗೆ ಅದು ಪೂರ್ತಿ ಅರ್ಥವಾಯಿತು. ಅವರು ಕೈ ಹಿಂದಕ್ಕೆಳೆದುಕೊಂಡರು. ಮಹಾರಾಜ ಹಾರ್ಮೋನಿಯಂ ತಂದು ಸರಿಯಾಗಿ ಕರ್ಚೀಫಿನ ಮೇಲೆಯೇ ಇಳಿಸಿದ. ಖೋಲಿಯ ಮಾಲೀಕರು ಮುಖವನ್ನು ಅಂಗಿಯ ತೋಳಿಗೆ ಒರೆಸಿಕೊಂಡು, ಗಾಡಿಗೆ ಹೊತ್ತಾಯಿತೆಂದು ಓಡಿದರು.